ಸಫೋಕ್‌ನ ಉಣ್ಣೆಯ ಊರುಗಳಲ್ಲಿ ಒಂದು ದಿನ

1524ರಲ್ಲಿ ಎಂಟನೆಯ ಹೆನ್ರಿ ತನ್ನ ಯುದ್ಧಗಳ ಖರ್ಚಿಗಾಗಿ ಪ್ರಜೆಗಳ ಆಸ್ತಿಪಾಸ್ತಿಯ ಲೆಕ್ಕ ಹಾಕಿಸಿ ತೆರಿಗೆ ಎತ್ತಿದಾಗ, ಇಂಗ್ಲೆಂಡಿನ ಸಿರಿವಂತ ಊರುಗಳ ಸಾಲಿನಲ್ಲಿ ಹದಿನಾಲ್ಕನೆಯದಾಗಿ ನಿಂತದ್ದು ಲ್ಯಾವೆನಂ. ಕೆಥೀಡ್ರಲ್‌ಗಳಿದ್ದ, ಕೋಟೆಗೋಡೆಗಳಿದ್ದ ಯಾರ್ಕ್ ಮತ್ತು ಲಿಂಕನ್ ನಗರಗಳಿಗಿಂತಲೂ ಹೆಚ್ಚಿನ ತೆರಿಗೆಯನ್ನು ಪೂರ್ವ ಇಂಗ್ಲೆಂಡಿನ ಸಫೋಕ್ ಕೌಂಟಿಯ (ಜಿಲ್ಲೆಯ) ಈ ಪುಟ್ಟ ಊರು ಕಟ್ಟಿತು. ಇಂದು ಅಲ್ಲಿ ಎರಡು ಸಾವಿರ ಜನರೂ ಇಲ್ಲ. ಆದರೆ ಆ ಕಾಲದಲ್ಲಿ ಎದ್ದ ಮರದ ಚೌಕಟ್ಟಿನ ಮನೆಗಳು ಬೀದಿಬೀದಿಯಲ್ಲೂ ನಿಂತಿವೆ. ಸಂರಕ್ಷಣೆಯ ಪಟ್ಟಿಗೆ ಸೇರಿದ ಕಟ್ಟಡಗಳೇ ಮುನ್ನೂರಕ್ಕೂ ಹೆಚ್ಚು. ಅಷ್ಟೊಂದು ಹಣ ಎಲ್ಲಿಂದ ಬಂತು, ಬಂದದ್ದು ಎಲ್ಲಿಗೆ ಹೋಯಿತು, ಹಣ ಹೋದ ಮೇಲೂ ಮನೆಗಳು ಹೇಗೆ ಉಳಿದವು ಎಂಬ ಪ್ರಶ್ನೆಗಳು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದ್ದವು. ಆ ಊರಿನ ಸೊಟ್ಟ ಮನೆಗಳ ಚಿತ್ರಗಳನ್ನು ಕ್ಯಾಲೆಂಡರುಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳ ಮೇಲೆ ಎಷ್ಟು ನೋಡಿದರೂ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಮೇ ತಿಂಗಳ ಒಂದು ಶನಿವಾರ ನಾನೂ ನನ್ನ ಹೆಂಡತಿಯೂ ಕೋಲ್‌ಚೆಸ್ಟರ್‌ನಿಂದ ಬೆಳಿಗ್ಗೆಯೇ ಹೊರಟು, ಕರ್ಸಿ, ಲ್ಯಾವೆನಂ, ಲಾಂಗ್ ಮೆಲ್ಫರ್ಡ್ ಎಂಬ ಮೂರು ಊರುಗಳನ್ನು ನೋಡಿ, ಸಡ್‌ಬರಿಯ ಮೇಲೆ ಹಿಂದಿರುಗಿದೆವು. ನಾಲ್ಕೂ ಊರುಗಳು ಒಂದರ ಪಕ್ಕ ಒಂದು ಎನ್ನುವಷ್ಟು ಹತ್ತಿರದಲ್ಲಿವೆ.

ಈ ಸೀಮೆಯಲ್ಲಿ ಬೆಟ್ಟಗಳಿಲ್ಲ. ಸಣ್ಣ ಏರಿಳಿತಗಳ ಜೇಡಿಮಣ್ಣಿನ ಹೊಲಗಳು, ನಡುನಡುವೆ ಬೇಲಿಗಿಡಗಳ ಸಾಲು, ತಗ್ಗಿನಲ್ಲಿ ಸಣ್ಣ ಹೊಳೆಗಳು. ಮೇ ತಿಂಗಳಲ್ಲಿ ಎಣ್ಣೆಬೀಜದ ಬೆಳೆ ಹೂಬಿಟ್ಟು ಹೊಲಗಳೆಲ್ಲ ಹಳದಿಯಾಗಿರುತ್ತವೆ. ಕುರಿಹಿಂಡುಗಳು ಈಗ ಅಷ್ಟಾಗಿ ಕಾಣುವುದಿಲ್ಲ. ಮಧ್ಯಯುಗದಲ್ಲಿಯೂ ಇಲ್ಲಿಯ ಮಗ್ಗಗಳಿಗೆ ಬೇಕಾದ ಉಣ್ಣೆಯೆಲ್ಲ ಇಲ್ಲಿಯದೇ ಆಗಿರಲಿಲ್ಲ, ಬೇರೆ ಕೌಂಟಿಗಳಿಂದಲೂ ಬರುತ್ತಿತ್ತು. ಇಲ್ಲಿ ಇದ್ದದ್ದು ನೂಲುವ, ನೇಯುವ ಕೈಗಳು ಮತ್ತು ಬಟ್ಟೆಯನ್ನು ತೊಳೆದು ಹದ ಮಾಡಲು ಬೇಕಾದ ನೀರು. ಹದಿಮೂರನೆಯ ಶತಮಾನದಲ್ಲಿ ಇಂಗ್ಲೆಂಡ್ ತನ್ನ ಉಣ್ಣೆಯನ್ನು ಹಾಗೆಯೇ ಇಂದಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ಮತ್ತು ಇಟಲಿಯ ನೇಕಾರರಿಗೆ ಮಾರುತ್ತಿತ್ತು. ಮೂರನೆಯ ಎಡ್ವರ್ಡ್ ದೊರೆ ರಫ್ತಾಗುವ ಉಣ್ಣೆಯ ಮೇಲೆ ಭಾರಿ ಸುಂಕ ಹೇರಿ, 1330ರ ದಶಕದಲ್ಲಿ ಫ್ಲಾಂಡರ್ಸ್‌ನ ಫ್ಲೆಮಿಶ್ ನೇಕಾರರನ್ನು ತನ್ನ ದೇಶಕ್ಕೆ ಬರಮಾಡಿಕೊಂಡ ಮೇಲೆ, ಉಣ್ಣೆಗಿಂತ ಬಟ್ಟೆಯನ್ನು ಮಾರುವುದೇ ಲಾಭವಾಯಿತು. ಲಂಡನ್ನಿನ ಲಾರ್ಡ್ಸ್ ಸಭೆಯ ಅಧ್ಯಕ್ಷರು ಇವತ್ತಿಗೂ ಕೂರುವುದು ಉಣ್ಣೆ ತುಂಬಿದ ಕೆಂಪು ಮೆತ್ತೆಯ ಮೇಲೆ. ಆ ದೇಶದ ಸಿರಿ ಯಾವುದರಿಂದ ಬಂತೆಂಬುದನ್ನು ಆ ಆಸನ ಇಷ್ಟು ಶತಮಾನಗಳಿಂದ ಹೇಳುತ್ತಲೇ ಇದೆ.

ಮೊದಲು ಸಿಕ್ಕಿದ್ದು ಕರ್ಸಿ. ಒಂದೇ ಬೀದಿಯ ಊರು ಎನ್ನಬಹುದು. ಬೀದಿ ಒಂದು ದಿಬ್ಬದಿಂದ ಕಡಿದಾಗಿ ಇಳಿದು, ಹರಿಯುವ ತೊರೆಯೊಂದನ್ನು ದಾಟಿ, ಎದುರಿನ ದಿಬ್ಬವನ್ನು ಏರುತ್ತದೆ. ತೊರೆಗೆ ವಾಹನಗಳ ಸೇತುವೆಯಿಲ್ಲ, ಕಾರುಗಳು ನೀರಿನಲ್ಲಿಯೇ ನಿಧಾನವಾಗಿ ಇಳಿದು ಹೋಗಬೇಕು. ನಡೆಯುವವರಿಗೆ ಮಾತ್ರ ಪಕ್ಕದಲ್ಲಿ ಸಣ್ಣ ಕಾಲುಸೇತುವೆ ಇದೆ. ಎರಡೂ ಬದಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಗುಲಾಬಿ, ಕೆನೆ, ಕಾವಿ ಬಣ್ಣದ ಸುಣ್ಣದ ಗೋಡೆಗಳ ನಡುವೆ ಬೂದುಬಣ್ಣದ ಓಕ್ ಮರದ ಕಂಬಗಳು ಕಾಣುತ್ತವೆ. ಕರ್ಸಿ ಎಂಬ ಹೆಸರಿನದೇ ಒಂದು ಒರಟು ಉಣ್ಣೆಬಟ್ಟೆ ಯುರೋಪಿನಲ್ಲೆಲ್ಲ ಮಾರಾಟವಾಗುತ್ತಿದ್ದ ಕಾಲವೊಂದಿತ್ತು. ಸಂತ ಮೇರಿಯ ಚರ್ಚು ದಿಬ್ಬದ ನೆತ್ತಿಯ ಮೇಲಿದ್ದು, ಅಲ್ಲಿಂದ ಇಡೀ ಊರು ಕಣ್ಣಳತೆಗೆ ಸಿಗುತ್ತದೆ.

ಆ ಚರ್ಚಿನ ಉತ್ತರದ ಪಕ್ಕಸಾಲೆಯಲ್ಲಿ ನಾನು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಅಲ್ಲಿಯ ಕಲ್ಲುಕೆತ್ತನೆ ಚೆನ್ನಾಗಿ ಸಾಗಿ ಬಂದು ಒಂದು ಕಡೆ ಅರ್ಧಕ್ಕೇ ನಿಂತುಬಿಟ್ಟಿದೆ. 1349ರ ಮಹಾಮಾರಿಯಲ್ಲಿ ಕೆಲಸಗಾರರು ಸತ್ತದ್ದೇ ಇದಕ್ಕೆ ಕಾರಣವೆಂದು ಊರಿನವರು ಹೇಳಿಕೊಂಡು ಬಂದಿದ್ದಾರೆ. ಇಂಗ್ಲೆಂಡಿಗೆ 1348ರಲ್ಲಿ ಕಾಲಿಟ್ಟ ಆ ಪ್ಲೇಗು ಒಂದೂವರೆ ವರ್ಷದೊಳಗೆ ದೇಶದ ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡಿತೆಂದು ಚರಿತ್ರಕಾರರು ಅಂದಾಜು ಮಾಡುತ್ತಾರೆ. ಉಳಿದವರ ಬದುಕು ಅದರಿಂದ ಬೇರೆಯೇ ದಾರಿ ಹಿಡಿಯಿತು. ಹೊಲ ಉಳಲು ಆಳುಗಳಿಲ್ಲದೆ ಎಷ್ಟೋ ಜಮೀನುಗಳು ಕುರಿಗಳ ಹುಲ್ಲುಗಾವಲುಗಳಾದವು, ಕೂಲಿಯ ದರ ಏರಿತು, ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಸಾಮಾನ್ಯ ಜನ ಒಳ್ಳೆಯ ಬಟ್ಟೆ ಕೊಳ್ಳಲು ಶುರುಮಾಡಿದರು. ಸಾವಿನ ನಂತರದ ಈ ನೂರೈವತ್ತು ವರ್ಷಗಳಲ್ಲಿಯೇ ಉಣ್ಣೆಯ ಊರುಗಳು ತಲೆಯೆತ್ತಿದವು. ಆ ಅರ್ಧಕ್ಕೆ ನಿಂತ ಕೆತ್ತನೆಯನ್ನು ನೋಡಿದ ಮೇಲೆ, ಮುಂದೆ ಕಂಡ ಭವ್ಯವಾದ ಕಟ್ಟಡಗಳನ್ನೆಲ್ಲ ಆ ಸಾವುಗಳನ್ನು ನೆನೆಯದೆ ನೋಡುವುದು ನನಗೆ ಸಾಧ್ಯವಾಗಲಿಲ್ಲ.

ಕರ್ಸಿಯಿಂದ ಲ್ಯಾವೆನಂಗೆ ಹೋಗುವ ಕಿರಿದಾದ ರಸ್ತೆಯಲ್ಲಿ ಈ ಬಟ್ಟೆಯ ಕಸುಬು ನಡೆಯುತ್ತಿದ್ದ ಬಗೆಯನ್ನು ಹೆಂಡತಿಗೆ ಹೇಳುತ್ತಿದ್ದೆ. ಬಟ್ಟೆಯ ಸಾಹುಕಾರ ಉಣ್ಣೆಯನ್ನು ಸಗಟಾಗಿ ಕೊಂಡು ಮೊದಲು ಹಳ್ಳಿಹಳ್ಳಿಯ ಹೆಂಗಸರಿಗೆ ನೂಲಲು ಹಂಚುತ್ತಿದ್ದ. ಒಂದು ಮಗ್ಗಕ್ಕೆ ಸಾಕಾಗುವಷ್ಟು ನೂಲು ಒದಗಿಸಲು ಹಲವು ಮನೆಗಳ ಹೆಂಗಸರೂ ಮಕ್ಕಳೂ ಬಿಡುವಿಲ್ಲದೆ ನೂಲಬೇಕಾಗಿತ್ತು. ಆ ನೂಲು ನೇಕಾರನ ಮನೆಗೆ ಹೋಗುತ್ತಿತ್ತು. ಲ್ಯಾವೆನಂನ ಅಗಲಪನ್ನದ ಬಟ್ಟೆಗೆ ಒಬ್ಬನ ತೋಳು ಸಾಲದೆ, ಮಗ್ಗದ ಮುಂದೆ ಇಬ್ಬರು ಅಕ್ಕಪಕ್ಕ ಕುಳಿತು ಲಾಳಿಯನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತಿದ್ದರು. ನೇಯ್ದ ಬಟ್ಟೆ ಹೊಳೆಯ ದಂಡೆಯ ಗಿರಣಿಗೆ ಹೋಗಿ, ವಿಶೇಷ ಜೇಡಿಮಣ್ಣಿನ ನೀರಿನಲ್ಲಿ ನೆನೆದು, ನೀರಿನ ಚಕ್ರ ತಿರುಗಿಸುವ ಮರದ ಸುತ್ತಿಗೆಗಳಿಂದ ಗಂಟೆಗಟ್ಟಲೆ ಹೊಡೆತ ತಿಂದು, ಹಾಸು ಹೊಕ್ಕು ಬೇರೆಬೇರೆ ಕಾಣದಂತೆ ಕುಗ್ಗಿ ದಪ್ಪವಾಗುತ್ತಿತ್ತು. ಆಮೇಲೆ ಮರದ ಚೌಕಟ್ಟುಗಳಿಗೆ ಕೊಕ್ಕೆ ಹಾಕಿ ಬಯಲಿನಲ್ಲಿ ಬಿಗಿದು ಒಣಗಿಸುವುದು, ಒಣಗಿದ ಮುಳ್ಳುತೆನೆಗಳಿಂದ ಕೆರೆದು ನವಿರೆಬ್ಬಿಸುವುದು, ಎದ್ದ ನವಿರನ್ನು ಭಾರಿ ಕತ್ತರಿಯಿಂದ ಸಮನಾಗಿ ಕತ್ತರಿಸುವುದು. ಪ್ರತಿ ಹಂತಕ್ಕೂ ಬೇರೆ ಕೈ, ಪ್ರತಿ ಕೈಗೂ ಕೂಲಿ. ಬಟ್ಟೆ ಮೊದಲಿನಿಂದ ಕೊನೆಯವರೆಗೂ ಸಾಹುಕಾರನದೇ. ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಮಾಲೀಕರಿಂದ ನೂಲು ತಂದು, ಮನೆಯ ಮಗ್ಗದಲ್ಲಿ ನೇಯ್ದು, ಸೀರೆಯನ್ನು ಅವರಿಗೇ ಒಪ್ಪಿಸಿ ಮಜೂರಿ ಪಡೆಯುವ ನೇಕಾರರನ್ನು ಬಲ್ಲವರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾವೆನಂ ಹೆಸರಾದದ್ದು ನೀಲಿ ಬಟ್ಟೆಗೆ. ಆ ನೀಲಿ ವೋಡ್ ಎಂಬ ಗಿಡದ ಎಲೆಗಳನ್ನು ಅರೆದು, ಕೊಳೆಹಾಕಿ ತೆಗೆದ ಬಣ್ಣ. ಬಣ್ಣದ ತೊಟ್ಟಿಗಳ ದುರ್ನಾತ ಊರಿಗೇ ಹಬ್ಬುತ್ತಿದ್ದಿರಬೇಕು. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಗುಜರಾತಿನ ಸರ್ಖೇಜ್‌ನಂಥ ಕಡೆಗಳಿಂದ ನಮ್ಮ ನೀಲಿಯನ್ನು ತರತೊಡಗಿದ ಮೇಲೆ ವೋಡ್ ಕ್ರಮೇಣ ಮೂಲೆ ಸೇರಿತು. ಅವೇ ಹಡಗುಗಳು ಭಾರತಕ್ಕೆ ಹೊರಡುವಾಗ ಒಯ್ಯುತ್ತಿದ್ದ ಸರಕುಗಳಲ್ಲಿ ಇಂಗ್ಲೆಂಡಿನ ಇಂಥ ಅಗಲಪನ್ನದ ಉಣ್ಣೆಬಟ್ಟೆಯೇ ಮುಖ್ಯವಾಗಿತ್ತು. ನಮ್ಮಲ್ಲಿ ಅದನ್ನು ಬನಾತು ಎಂದು ಕರೆದರು. ನಮ್ಮ ಬಿಸಿಲಿಗೆ ಅದನ್ನು ಉಡುವವರು ಕಡಿಮೆಯಾದ್ದರಿಂದ ಕಂಪನಿಯ ವರ್ತಕರಿಗೆ ಅದರ ಮಾರಾಟ ಸದಾ ಕಷ್ಟದ್ದೇ ಆಗಿತ್ತು.

ಲ್ಯಾವೆನಂ ತಲುಪಿದಾಗ ಬಿಸಿಲು ಚೆನ್ನಾಗಿ ಏರಿತ್ತು. ಮೊದಲ ನೋಟಕ್ಕೆ ಯಾರನ್ನಾದರೂ ಸೆಳೆಯುವುದು ಮನೆಗಳ ವಾಲಾಟ. ಒಂದು ಮನೆ ಎಡಕ್ಕೆ ಬಾಗಿದ್ದರೆ ಪಕ್ಕದ್ದು ಅದರ ಮೇಲೆ ಒರಗಿದೆ. ಬಾಗಿಲ ಚೌಕಟ್ಟು ಚೌಕವಾಗಿಲ್ಲ, ಮೇಲಂತಸ್ತು ಬೀದಿಯ ಕಡೆಗೆ ಮುಂಚಾಚಿಕೊಂಡಿದೆ. ಇದು ಕಟ್ಟಿದವರ ಕೈಚಳಕದ ಕೊರತೆಯಲ್ಲ. ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಾಗಿರುವಾಗಲೇ ಬಳಸುತ್ತಿದ್ದರು, ಏಕೆಂದರೆ ಒಣಗಿದ ಓಕ್ ಉಳಿಗೆ ಬಗ್ಗದಷ್ಟು ಗಟ್ಟಿ. ಹಸಿ ತೊಲೆಗಳನ್ನು ಅಂಗಳದಲ್ಲಿ ಒಮ್ಮೆ ಜೋಡಿಸಿ ನೋಡಿ, ಪ್ರತಿ ಕೀಲಿಗೂ ಗುರುತು ಕೆತ್ತಿ, ಬಿಚ್ಚಿ, ಕಟ್ಟುವ ಜಾಗಕ್ಕೆ ತಂದು, ಓಕ್ ಬೆಣೆಗಳಿಂದ ಮತ್ತೆ ಜೋಡಿಸುತ್ತಿದ್ದರು. ಮರ ಮನೆಯಾದ ಮೇಲೆ ಒಣಗುತ್ತ, ತಿರುಚಿಕೊಳ್ಳುತ್ತ, ತನ್ನೊಡನೆ ಇಡೀ ಮನೆಯನ್ನು ಬಗ್ಗಿಸುತ್ತಿತ್ತು. ಬಗ್ಗಿದಷ್ಟೂ ಕೀಲುಗಳು ಬಿಗಿಯಾಗುತ್ತಿದ್ದವು. ಐನೂರು ವರ್ಷ ಕಳೆದರೂ ಇವು ಬೀಳದಿರುವುದಕ್ಕೆ ಇದೂ ಒಂದು ಕಾರಣ. ಕಂಬಗಳನ್ನು ಅಗತ್ಯಕ್ಕಿಂತ ಒತ್ತೊತ್ತಾಗಿ ನಿಲ್ಲಿಸಿರುವುದು ಮಾತ್ರ ಸಿರಿವಂತಿಕೆಯ ಪ್ರದರ್ಶನ, ಏಕೆಂದರೆ ಓಕ್ ಆಗಲೂ ದುಬಾರಿಯೇ. ಇಂಗ್ಲೆಂಡಿನ ಬೇರೆ ಕಡೆಗಳಲ್ಲಿ ಇಂಥ ಮರಗಳಿಗೆ ಕಪ್ಪು ಬಳಿದಿರುವುದುಂಟು. ಲ್ಯಾವೆನಂನಲ್ಲಿ ಬಹುಪಾಲು ಮರಗಳನ್ನು ಹಾಗೆಯೇ ಬಿಟ್ಟಿರುವುದರಿಂದ ಅವು ಬೆಳ್ಳಿಯ ಬೂದುಬಣ್ಣಕ್ಕೆ ತಿರುಗಿವೆ. ನನ್ನ ಕಣ್ಣಿಗೆ ಇದೇ ಹೆಚ್ಚು ಒಪ್ಪಿತು.

ನೀರಿನ ಬೀದಿ ಎಂಬ ಹೆಸರಿನ ಬೀದಿಯಲ್ಲಿ, ಮಧ್ಯಯುಗದ ತೊರೆಯನ್ನು ಇಟ್ಟಿಗೆಯ ಕಮಾನುಗಾಲುವೆಯೊಳಗೆ ಹರಿಯಿಸಿ ಮೇಲೆ ಮನೆ ಕಟ್ಟಿದ್ದಾರೆ. ಅಲ್ಲಿ ಒಂದು ಮನೆಯ ಗೋಡೆಗೆ ಗಾರೆ ಬಳಿಯುತ್ತಿದ್ದ ನಡುವಯಸ್ಸಿನ ಕೆಲಸಗಾರರೊಬ್ಬರು ಮಾತಿಗೆ ಸಿಕ್ಕರು. ಹಳೆಯ ಗೋಡೆಯ ಒಂದು ಭಾಗ ತೆರೆದಿದ್ದರಿಂದ ಒಳಗಿನ ಹೂರಣವೆಲ್ಲ ಕಾಣುತ್ತಿತ್ತು: ಕಂಬಗಳ ನಡುವೆ ಹೇಜಲ್ ಗಿಡದ ಕಡ್ಡಿಗಳ ತಡಿಕೆ, ಅದರ ಮೇಲೆ ಹುಲ್ಲು, ಸಗಣಿ ಬೆರೆಸಿ ತುಳಿದ ಜೇಡಿಮಣ್ಣು, ಅದರ ಮೇಲೆ ಕುದುರೆಯ ಕೂದಲು ಕಲಸಿದ ಸುಣ್ಣದ ಗಾರೆ. ಕಳೆದ ಶತಮಾನದಲ್ಲಿ ಇಂಥ ಎಷ್ಟೋ ಗೋಡೆಗಳಿಗೆ ಸಿಮೆಂಟು ಬಳಿದರಂತೆ. ಸಿಮೆಂಟು ಉಸಿರಾಡುವುದಿಲ್ಲ. ಒಂದು ಬಿರುಕು ಬಿಟ್ಟರೆ ಸಾಕು, ಒಳಹೋದ ಮಳೆನೀರು ಹೊರಬರಲಾರದೆ ಮರದಲ್ಲಿಯೇ ನಿಂತು, ಐದು ಶತಮಾನ ಬಾಳಿದ ಓಕ್ ತೊಲೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಆದ್ದರಿಂದ ಈಗ ಸಿಮೆಂಟನ್ನು ಕೆತ್ತಿ ತೆಗೆದು ಮತ್ತೆ ಸುಣ್ಣವನ್ನೇ ಹಚ್ಚುತ್ತಿದ್ದೇವೆ ಎಂದರು. ಪಟ್ಟಿಗೆ ಸೇರಿದ ಮನೆಯಾದ್ದರಿಂದ ಮಾಲೀಕರು ಒಂದು ಕಿಟಕಿ ಬದಲಿಸಬೇಕಾದರೂ ಸ್ಥಳೀಯ ಆಡಳಿತದ ಅನುಮತಿ ಬೇಕು. ಅದು ದುಬಾರಿಯೂ ಹೌದು, ನಿಧಾನವೂ ಹೌದು. ಅವರು ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಸುಣ್ಣದ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ ಎಂಬುದೊಂದೇ ಅವರ ಚಿಂತೆಯಾಗಿತ್ತು.

ಪೇಟೆಚೌಕದಲ್ಲಿ ಗಿಲ್ಡ್‌ಹಾಲ್ ನಿಂತಿದೆ. ಸುಮಾರು 1530ರಲ್ಲಿ ಊರಿನ ಸಿರಿವಂತರ ಧಾರ್ಮಿಕ ಸಂಘವೊಂದು ತನ್ನ ಔತಣಗಳಿಗಾಗಿ, ಸಭೆಗಳಿಗಾಗಿ ಕಟ್ಟಿಸಿದ ಸಭಾಭವನ ಇದು. ಹೀಗೆ ಕಟ್ಟಿ ಎರಡು ದಶಕ ತುಂಬುವ ಮೊದಲೇ, 1547ರಲ್ಲಿ, ಆರನೆಯ ಎಡ್ವರ್ಡನ ಸರ್ಕಾರ ದೇಶದ ಇಂಥ ಧಾರ್ಮಿಕ ಸಂಘಗಳನ್ನೆಲ್ಲ ರದ್ದುಮಾಡಿತು. ಆಮೇಲೆ ಆ ಭವನ ಸೆರೆಮನೆಯಾಯಿತು, ಬಡವರನ್ನು ಕೂಡಿಹಾಕಿ ದುಡಿಸುವ ಗಂಜಿಮನೆಯಾಯಿತು. ಈಗ ಹಳೆಯ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ. ಔತಣದ ಮನೆಯೇ ಬಡವರ ಬಂದಿಖಾನೆಯಾದ ಕಥೆಯನ್ನು ಅಲ್ಲಿಯ ಹಿರಿಯ ಸ್ವಯಂಸೇವಕಿಯೊಬ್ಬರು ಸಮಾಧಾನದಿಂದ, ಏನನ್ನೂ ಮರೆಮಾಚದೆ ವಿವರಿಸಿದರು. ಅವರೇ ತೋರಿಸಿದ ಇನ್ನೊಂದು ಸಂಗತಿಯೆಂದರೆ ಹಳೆಯ ತೊಲೆಗಳ ಮೇಲೆ ಹನಿಯ ಆಕಾರದಲ್ಲಿ ಸುಟ್ಟ ಗುರುತುಗಳು. ದೀಪ ತಾಗಿ ಅಕಸ್ಮಾತ್ತಾಗಿ ಆದವೆಂದು ಮೊದಲು ಎಣಿಸಿದ್ದರಂತೆ. ಬೇಕೆಂದೇ ಸುಟ್ಟವು, ಬೆಂಕಿಯಿಂದ ಮತ್ತು ಕೆಟ್ಟ ಶಕ್ತಿಗಳಿಂದ ಮನೆ ಕಾಯಲು ಮಾಡಿದವು ಎಂದು ಈಗ ಅನೇಕ ವಿದ್ವಾಂಸರು ತಿಳಿಯುತ್ತಾರೆ.

ಊರಿನ ಇನ್ನೊಂದು ತುದಿಯ ಎತ್ತರದಲ್ಲಿ ಸಂತ ಪೀಟರ್ ಮತ್ತು ಪಾಲ್ ಚರ್ಚು. ಅದರ ಗೋಪುರ 141 ಅಡಿ ಎತ್ತರ. ಇಷ್ಟು ಪುಟ್ಟ ಊರಿಗೆ ಇಷ್ಟು ದೊಡ್ಡ ಗೋಪುರ ಏಕೆ ಎಂಬುದಕ್ಕೆ ಗೋಡೆಯ ಮೇಲಿನ ಕಲ್ಲುಗಳೇ ಉತ್ತರ ಹೇಳುತ್ತವೆ. ಊರಿನ ಒಡೆಯರಾಗಿದ್ದ ಡಿ ವೀರ್ ಮನೆತನದ ನಕ್ಷತ್ರ ಒಂದೆಡೆ, ಬಟ್ಟೆಯ ಸಾಹುಕಾರ ಸ್ಪ್ರಿಂಗ್ ಮನೆತನದ ಲಾಂಛನ ಇನ್ನೊಂದೆಡೆ. 1485ರಲ್ಲಿ ಸಿಂಹಾಸನಕ್ಕಾಗಿ ನಡೆದ ಬಾಸ್‌ವರ್ತ್ ಕಾಳಗದಲ್ಲಿ ಏಳನೆಯ ಹೆನ್ರಿಯ ಸೇನೆಯ ಮುಂಚೂಣಿಯನ್ನು ನಡೆಸಿದವನು ಇದೇ ಡಿ ವೀರ್ ಮನೆತನದ ಜಾನ್, ಆಕ್ಸ್‌ಫರ್ಡಿನ ಹದಿಮೂರನೆಯ ಅರ್ಲ್. ಅವನೂ ಸಾಹುಕಾರರೂ ಸೇರಿ ಹಳೆಯ ಚರ್ಚನ್ನು ಹೊಸದಾಗಿ ಕಟ್ಟಿಸಿದರು. 1523ರಲ್ಲಿ ತೀರಿಕೊಂಡ ಥಾಮಸ್ ಸ್ಪ್ರಿಂಗ್ ಗೋಪುರವನ್ನು ಪೂರ್ತಿಗೊಳಿಸಲೆಂದು ತನ್ನ ಉಯಿಲಿನಲ್ಲಿ ಹಣ ಬಿಟ್ಟುಹೋದ. ಒಳಗೆ ಅವನ ಸಮಾಧಿಯ ಸುತ್ತ ಇರುವ ಮರದ ಜಾಲಂಧ್ರದ ಕೆತ್ತನೆ ಬಹಳ ನವುರಾದದ್ದು. ಅದಕ್ಕಿಂತ ನನ್ನ ಹೆಂಡತಿಯನ್ನು ಹಿಡಿದು ನಿಲ್ಲಿಸಿದ್ದು ನೆಲದಲ್ಲಿ ಕೂರಿಸಿದ ಅಂಗೈಯಷ್ಟು ಹಿತ್ತಾಳೆಯ ಚಿತ್ರ: 1631ರಲ್ಲಿ ಹತ್ತು ದಿನ ಬದುಕಿ ತೀರಿಕೊಂಡ ಕ್ಲಾಪ್ಟನ್ ಡ್ಯೂಸ್ ಎಂಬ ಕೂಸು, ಕುತ್ತಿಗೆಯವರೆಗೆ ಬಟ್ಟೆ ಸುತ್ತಿಸಿಕೊಂಡು ಮಲಗಿದೆ.

ಅರ್ಲ್‌ಗಳ ನಕ್ಷತ್ರವಿದೆ, ಸಾಹುಕಾರರ ಲಾಂಛನವಿದೆ, ದೊಡ್ಡ ಮನೆಯ ಕೂಸಿನ ಹೆಸರೂ ಇದೆ. ನೂಲಿದವರದು, ನೇಯ್ದವರದು ಎಲ್ಲಿದೆ? ಆ ದಿನವಿಡೀ ನಾನು ಹುಡುಕುತ್ತಿದ್ದದ್ದು ಅದನ್ನೇ. ಅವರ ಗುರುತು ಯಾವ ಗೋಡೆಯ ಮೇಲೂ ಇಲ್ಲ, ಆದರೆ ಒಂದು ಮಾತು ಮಾತ್ರ ದಾಖಲೆಯಲ್ಲಿ ಉಳಿದಿದೆ.

1525ರ ವಸಂತದಲ್ಲಿ ಹೆನ್ರಿಯ ಮಂತ್ರಿ ಕಾರ್ಡಿನಲ್ ವುಲ್ಸಿ ಫ್ರಾನ್ಸಿನ ಮೇಲಿನ ಯುದ್ಧಕ್ಕೆಂದು ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹೊಸದೊಂದು ವಸೂಲಿಗೆ ಕೈಹಾಕಿದ. ಪ್ರೀತಿಯ ಕಾಣಿಕೆ ಎಂಬರ್ಥದ ಹೆಸರು ಅದಕ್ಕೆ. ಕೇಳಿದ್ದು ಜನರ ಸೊತ್ತಿನ ಆರನೆಯ ಒಂದು ಪಾಲಿನವರೆಗೆ. ಹಿಂದಿನ ತೆರಿಗೆಯೇ ಇನ್ನೂ ತೀರಿರಲಿಲ್ಲ. ಸಫೋಕ್‌ನ ಬಟ್ಟೆಯ ಸಾಹುಕಾರರು ಕಾಣಿಕೆ ಕೊಡಲು ಒಪ್ಪಿದರು, ಆದರೆ ಇನ್ನು ಕೂಲಿ ಕೊಡಲು ನಮ್ಮ ಬಳಿ ಹಣವಿಲ್ಲವೆಂದು ನೇಕಾರರನ್ನು, ನೂಲುವವರನ್ನು, ಬಟ್ಟೆ ಹದಮಾಡುವವರನ್ನು ಕೆಲಸದಿಂದ ಬಿಟ್ಟರು. ಲ್ಯಾವೆನಂ, ಸಡ್‌ಬರಿ ಮತ್ತು ಸುತ್ತಲಿನ ಹಳ್ಳಿಗಳಿಂದ ಸುಮಾರು ನಾಲ್ಕು ಸಾವಿರ ಜನ ಒಟ್ಟುಗೂಡಿದರು ಎಂದು ಆ ಕಾಲದ ಚರಿತ್ರಕಾರ ಎಡ್ವರ್ಡ್ ಹಾಲ್ ಬರೆದಿಟ್ಟಿದ್ದಾನೆ. ಲ್ಯಾವೆನಂ ಚರ್ಚಿನ ಗಂಟೆ ಮೊಳಗಿದಾಗ ಎಲ್ಲರೂ ಏಳಬೇಕೆಂಬ ಏರ್ಪಾಡಿತ್ತು. ಸಾಹುಕಾರನೊಬ್ಬ ಮುಂದಾಗಿಯೇ ಗಂಟೆಗಳ ನಾಲಗೆ ಕಳಚಿಸಿಟ್ಟದ್ದರಿಂದ ಅದು ಮೊಳಗಲಿಲ್ಲವೆಂದು ಹೇಳುತ್ತಾರೆ. ದಂಗೆ ಅಡಗಿಸಲು ಬಂದ ನಾರ್ಫಕ್‌ನ ಡ್ಯೂಕ್ ಜನರ ಮುಂದೆ ನಿಂತು, ನಿಮ್ಮ ದಳಪತಿ ಯಾರು ಎಂದು ಕೇಳಿದ. ಜಾನ್ ಗ್ರೀನ್ ಎಂಬ ಐವತ್ತರ ವಯಸ್ಸಿನ ವ್ಯಕ್ತಿ ಮುಂದೆ ಬಂದು, ನಮ್ಮ ದಳಪತಿಯ ಹೆಸರು ಬಡತನ, ಅವನೂ ಅವನ ದಾಯಾದಿಯಾದ ಅಗತ್ಯವೂ ಸೇರಿ ನಮ್ಮನ್ನು ಇಲ್ಲಿಗೆ ಕರೆತಂದರು ಎಂದು ಉತ್ತರಿಸಿದ. ಈ ಜನರೆಲ್ಲ ಸಾಹುಕಾರರು ಕೊಡುವ ಕೆಲಸದ ಮೇಲೆಯೇ ಬದುಕುವವರು, ಅದು ನಿಂತರೆ ಅವರಿಗೆ ಅನ್ನವಿಲ್ಲ ಎಂದೂ ಅವನು ಬಿಡಿಸಿ ಹೇಳಿದ. ರಕ್ತ ಹರಿಯಲಿಲ್ಲ. ಮುಂದಾಳುಗಳು ಕೊರಳಿಗೆ ಹಗ್ಗ ಹಾಕಿಕೊಂಡು ಶರಣಾದರು, ಲಂಡನ್ನಿನಲ್ಲಿ ವಿಚಾರಣೆಯಾಯಿತು, ಕ್ಷಮೆ ಸಿಕ್ಕಿತು. ಅವರಿಗೆ ಜಾಮೀನಾಗಿ ನಿಂತವನು ಸ್ವತಃ ವುಲ್ಸಿ, ಏಕೆಂದರೆ ಅವನೂ ಸಫೋಕ್‌ನವನೇ, ಇಪ್ಸ್‌ವಿಚ್‌ನಲ್ಲಿ ಹುಟ್ಟಿದವನು. ರಾಜ ಆ ವಸೂಲಿಯನ್ನೇ ಕೈಬಿಟ್ಟ. ಎಂಟನೆಯ ಹೆನ್ರಿಯಂಥವನು ಪ್ರಜೆಗಳ ಮುಂದೆ ಹಿಂದೆ ಸರಿದ ಅಪರೂಪದ ಪ್ರಸಂಗ ಇದು. ಈ ಪ್ರಸಂಗಕ್ಕೆ ಲ್ಯಾವೆನಂನಲ್ಲಿ ಗೋಪುರದಷ್ಟು ಎತ್ತರದ ಗೌರವ ಸಲ್ಲಬೇಕಿತ್ತೆಂದು ನಾನು ಮನಸಾರೆ ನಂಬುತ್ತೇನೆ.

ಮುಂದಿನ ಕಥೆಯಲ್ಲಿ ನಾನಿರುವ ಕೋಲ್‌ಚೆಸ್ಟರ್‌ನ ಪಾಲೂ ಇದೆ. 1560ರ ದಶಕದಲ್ಲಿ ಸ್ಪೇನಿನ ದಬ್ಬಾಳಿಕೆಗೆ ಹೆದರಿ ಓಡಿಬಂದ ಡಚ್ ಮತ್ತು ಫ್ಲೆಮಿಶ್ ನೇಕಾರರು ಕೋಲ್‌ಚೆಸ್ಟರ್‌ನಲ್ಲಿ ನೆಲೆನಿಂತು, ಹಗುರವಾದ, ಅಗ್ಗವಾದ ಹೊಸ ಬಗೆಯ ಬಟ್ಟೆಗಳನ್ನು ನೇಯತೊಡಗಿದರು. ಅವರಿದ್ದ ಬೀದಿಗಳನ್ನು ಈಗಲೂ ಡಚ್ ಕ್ವಾರ್ಟರ್ ಎಂದೇ ಕರೆಯುತ್ತಾರೆ. ಜನರ ಉಡುಪಿನ ರುಚಿ ಬದಲಾಗಿತ್ತು, ಯುದ್ಧಗಳಿಂದ ಹೊರದೇಶದ ಪೇಟೆಗಳೂ ಮುಚ್ಚುತ್ತಿದ್ದವು, ಲ್ಯಾವೆನಂನ ಭಾರವಾದ ನೀಲಿ ಬಟ್ಟೆಯನ್ನು ಕೇಳುವವರು ಕಡಿಮೆಯಾದರು. ಒಂದೆರಡು ತಲೆಮಾರುಗಳಲ್ಲಿ ಸಿರಿ ಕರಗಿತು. ಬೇರೆ ಊರುಗಳಲ್ಲಿ ಹದಿನೆಂಟನೆಯ ಶತಮಾನದ ಹಣವಂತರು ಮರದ ಮನೆಗಳನ್ನು ಹಳತೆಂದು ಕೆಡವಿ ಇಟ್ಟಿಗೆಯಲ್ಲಿ ಕಟ್ಟಿದರು, ಇಲ್ಲವೇ ಮುಂಭಾಗಕ್ಕಾದರೂ ಇಟ್ಟಿಗೆಯ ಹೊದಿಕೆ ಹಾಕಿದರು. ಲ್ಯಾವೆನಂನಲ್ಲಿ ಬಹಳ ಜನರಿಗೆ ಕೆಡವುವಷ್ಟು ಹಣವೂ ಇರಲಿಲ್ಲ. ಸಾಹುಕಾರನ ಒಂದು ಮನೆಯನ್ನು ಗೋಡೆ ಹಾಕಿ ಹಲವು ಬಡ ಸಂಸಾರಗಳು ಹಂಚಿಕೊಂಡವು, ತೊಲೆಗಳನ್ನು ಗಾರೆಯಿಂದ ಮುಚ್ಚಿ ಚಳಿ ತಡೆದವು, ಮಾಡು ಸೋರಿದಲ್ಲಿ ತೇಪೆ ಹಾಕಿದವು. ನಾವು ಬೆರಗಿನಿಂದ ನೋಡುವ ಈ ಬೀದಿಗಳನ್ನು ಮುನ್ನೂರು ವರ್ಷ ಕಾದವನು ಜಾನ್ ಗ್ರೀನ್ ಹೆಸರಿಸಿದ ಅದೇ ದಳಪತಿ.

ಬಡತನವೇ ಎಲ್ಲವನ್ನೂ ಉಳಿಸಿತೆಂದರೆ ಆಮೇಲಿನವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ, ಊರಿನ ಹದಿನೈದನೆಯ ಶತಮಾನದ ಉಣ್ಣೆಯ ಭವನವನ್ನು ತೊಲೆತೊಲೆಯಾಗಿ ಬಿಚ್ಚಿ, ಲಂಡನ್ನಿನ ಪಶ್ಚಿಮಕ್ಕಿರುವ ಆಸ್ಕಟ್‌ನಲ್ಲಿ ಮರುಕಟ್ಟಲೆಂದು ಸಾಗಿಸುವ ಸಿದ್ಧತೆ ನಡೆದಿತ್ತು. ವಿಕ್ಟೋರಿಯಾ ರಾಣಿಯ ಮಗಳು ರಾಜಕುಮಾರಿ ಲೂಯಿಸ್‌ಗಾಗಿ ನಡೆದ ಏರ್ಪಾಡದು. ವಿರೋಧ ಎದ್ದಿತು, ತೊಲೆಗಳು ಹಿಂದಕ್ಕೆ ಬಂದವು, ಭವನವನ್ನು ಮತ್ತೆ ಅದರ ಜಾಗದಲ್ಲಿಯೇ ನಿಲ್ಲಿಸಿದರು. ಈಗ ಅದು ಪಕ್ಕದ ಹಳೆಯ ಹೋಟೆಲಿನ ಭಾಗವಾಗಿದೆ. ಆ ಹೋಟೆಲಿನ ಬಾರಿನ ಗೋಡೆಯಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಸಮೀಪದ ವಿಮಾನನಿಲ್ದಾಣದಿಂದ ಜರ್ಮನಿಯ ಮೇಲೆ ಹಾರುತ್ತಿದ್ದ ಅಮೆರಿಕದ ಹುಡುಗರು ಗೀಚಿದ ಸಹಿಗಳನ್ನೂ ಜೋಪಾನ ಮಾಡಿದ್ದಾರೆ.

ಲಾಂಗ್ ಮೆಲ್ಫರ್ಡ್ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಊರಿನ ಉದ್ದನೆಯ ಬೀದಿಯನ್ನೂ ಅದರ ಪುರಾತನ ವಸ್ತುಗಳ ಅಂಗಡಿಗಳನ್ನೂ ಬೇಗ ದಾಟಿ, ಹಸಿರು ಬಯಲಿನ ಮೇಲ್ತುದಿಯ ಹೋಲಿ ಟ್ರಿನಿಟಿ ಚರ್ಚಿಗೆ ಹೋದೆವು. ಹದಿನೈದನೆಯ ಶತಮಾನದ ಕೊನೆಯಲ್ಲಿ, ಹೆಚ್ಚಾಗಿ ಬಟ್ಟೆಯ ಹಣದಿಂದ, ಜಾನ್ ಕ್ಲಾಪ್ಟನ್ ಮುಂತಾದವರು ಕಟ್ಟಿಸಿದ ಈ ಚರ್ಚು ಗೋಡೆಗಿಂತ ಕಿಟಕಿಯೇ ಹೆಚ್ಚೆನ್ನುವಷ್ಟು ಬೆಳಕಿನದು. ಹೊರಗೋಡೆಯ ಮೇಲ್ಭಾಗದಲ್ಲಿ, ಚಕಮಕಿ ಕಲ್ಲಿನ ನಡುವೆ ಬಿಳಿಗಲ್ಲಿನ ಅಕ್ಷರ ಕೂರಿಸಿ, ಈ ಭಾಗವನ್ನು ಕಟ್ಟಿಸಿದ ಇಂಥವರ ಆತ್ಮಕ್ಕಾಗಿ ಪ್ರಾರ್ಥಿಸಿರಿ ಎಂದು ಉದ್ದಕ್ಕೂ ಬರೆಸಿದ್ದಾರೆ. ದೇವಾಲಯಕ್ಕೆ ಕಂಬ, ದೀಪ ಕೊಟ್ಟು ಶಾಸನ ಹಾಕಿಸುತ್ತಿದ್ದ ನಮ್ಮ ಸೆಟ್ಟಿಗಳ ನೆನಪಾಗದೆ ಇರಲಿಲ್ಲ.

ಆ ಪ್ರಾರ್ಥನೆಗಳು ಹೆಚ್ಚು ಕಾಲ ನಡೆಯಲಿಲ್ಲ. ಕೆಲವೇ ದಶಕಗಳಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವುದನ್ನೇ ಹೊಸ ಪ್ರಾಟೆಸ್ಟಂಟ್ ಧರ್ಮವ್ಯವಸ್ಥೆ ನಿಷೇಧಿಸಿತು. ಮೂರ್ತಿಗಳು ಒಡೆದವು, ಬಣ್ಣದ ಗಾಜು ಪುಡಿಯಾಯಿತು. ಇದನ್ನೆಲ್ಲ ಕಣ್ಣಾರೆ ಕಂಡ ರೋಜರ್ ಮಾರ್ಟಿನ್ ಎಂಬಾತ, ಇದೇ ಊರಿನ ಬಟ್ಟೆಯ ಮನೆತನದವನು, ಹಳೆಯ ಕ್ಯಾಥೊಲಿಕ್ ಧರ್ಮವನ್ನು ಬಿಡದೆ ಉಳಿದವನು, ಮುಪ್ಪಿನಲ್ಲಿ ಕುಳಿತು ತಾನು ಹುಡುಗನಾಗಿದ್ದಾಗ ಈ ಚರ್ಚು ಹೇಗಿತ್ತೆಂದು ಬರೆದಿಟ್ಟ: ಯಾವ ಮೂಲೆಯಲ್ಲಿ ಯಾವ ಮೂರ್ತಿಯಿತ್ತು, ಹಬ್ಬದ ಮೆರವಣಿಗೆ ಯಾವ ದಾರಿಯಲ್ಲಿ ಹೋಗುತ್ತಿತ್ತು, ಉತ್ಸವದ ಬೆಂಕಿಯ ಸುತ್ತ ಬಡವರಿಗೆ ಏನೇನು ಉಣಬಡಿಸುತ್ತಿದ್ದರು ಎಂಬುದನ್ನೆಲ್ಲ. ಇಬ್ಬರು ಕಳ್ಳರ ನಡುವೆ ಶಿಲುಬೆಗೇರಿದ ಯೇಸುವಿನ ಫಲಕವೊಂದು ತನ್ನ ಮನೆಯಲ್ಲಿ ಶಿಥಿಲವಾಗಿ ಬಿದ್ದಿದೆ, ತನ್ನ ವಾರಸುದಾರರು ಒಂದು ದಿನ ಅದನ್ನು ಸರಿಪಡಿಸಿ ಚರ್ಚಿಗೆ ಮರಳಿಸುವರೆಂಬ ಆಸೆಯಿದೆ ಎಂದು ಅವನು ಬರೆದದ್ದುಂಟು. ಆ ಆಸೆ ಕೈಗೂಡಲಿಲ್ಲ. ಚರ್ಚಿನ ಪೂರ್ವದಲ್ಲಿ ಮೇರಿಮಾತೆಗೆಂದು ಕಟ್ಟಿದ ಗುಡಿ ಮುಂದೆ ಊರಿನ ಮಕ್ಕಳ ಶಾಲೆಯಾಗಿ, ಅದರ ಗೋಡೆಯ ಮೇಲೆ ಬರೆದ ಮಗ್ಗಿಯ ಕೋಷ್ಟಕ ಈಗಲೂ ಇದೆ. ಉತ್ತರದ ಕಿಟಕಿಗಳಲ್ಲಿ ಉಳಿದ ಗಾಜಿನಲ್ಲಿ ಹದಿನೈದನೆಯ ಶತಮಾನದ ಹೆಂಗಸರು ಗಂಡಸರು ಮಂಡಿಯೂರಿ ಕುಳಿತಿದ್ದಾರೆ. ಬಾಗಿಲೊಂದರ ಮೇಲಿನ ಪುಟ್ಟ ಗಾಜಿನಲ್ಲಿ ಮೂರು ಮೊಲಗಳು ಸುತ್ತುತ್ತಿವೆ: ಮೂರಕ್ಕೂ ಸೇರಿ ಇರುವುದು ಮೂರೇ ಕಿವಿ, ಆದರೂ ಪ್ರತಿಯೊಂದಕ್ಕೂ ಎರಡೆರಡು ಕಾಣುತ್ತವೆ. ಇದೇ ಚಿತ್ರ ಚೀನಾದ ದುನ್‌ಹುವಾಂಗ್ ಗುಹೆಗಳ ಚಾವಣಿಯಲ್ಲಿ ಇದಕ್ಕಿಂತ ಎಂಟುನೂರಕ್ಕೂ ಹೆಚ್ಚು ವರ್ಷ ಮೊದಲೇ ಇದೆ. ಬಟ್ಟೆ ನಡೆದ ದಾರಿಯಲ್ಲಿ ಚಿತ್ರಗಳೂ ನಡೆದುಬಂದಿರಬೇಕು.

ಮೆಲ್ಫರ್ಡ್‌ನಿಂದ ಸಡ್‌ಬರಿ ಮೂರೇ ಮೈಲಿ. ಈ ಊರುಗಳನ್ನು ನೋಡಬಯಸುವ, ಕಾರಿಲ್ಲದವರಿಗೆ ದಾರಿಯೂ ಇದೇ: ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಮಾರ್ಕ್ಸ್ ಟೇಗೆ ಬಂದು, ಅಲ್ಲಿ ಸಣ್ಣ ರೈಲಿಗೆ ಬದಲಾಯಿಸಿದರೆ ಕೊನೆಯ ನಿಲ್ದಾಣ ಸಡ್‌ಬರಿ, ಮುಂದಕ್ಕೆ ಬಸ್ಸು. ಹೆಚ್ಚಿನ ಪ್ರವಾಸಿಗರು ಸಡ್‌ಬರಿಯಲ್ಲಿ ನಿಲ್ಲುವುದಿಲ್ಲ. ಅಲ್ಲಿ ಲ್ಯಾವೆನಂನಂಥ ಬೀದಿಗಳಿಲ್ಲ. ಆದರೆ ಅಲ್ಲಿ ಮಗ್ಗಗಳಿವೆ. 1773ರಲ್ಲಿ ಪಾರ್ಲಿಮೆಂಟು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ರೇಷ್ಮೆ ನೇಕಾರರ ಕೂಲಿಯನ್ನು ನಿಗದಿಪಡಿಸುವ ಕಾಯಿದೆ ತಂದಾಗ, ಆ ಕೂಲಿ ಕೊಡಲು ಮನಸ್ಸಿಲ್ಲದ ರೇಷ್ಮೆಯ ಸಾಹುಕಾರರು ಕಾಯಿದೆ ತಲುಪದ ಕಡೆ ಕೈಗಳನ್ನು ಹುಡುಕಿದರು. ನೇಯ್ಗೆ ಬಲ್ಲ, ಉಣ್ಣೆಯ ಕೆಲಸ ಕೈಬಿಟ್ಟುಹೋಗಿದ್ದ, ಕಡಿಮೆ ಕೂಲಿಗೆ ಒಪ್ಪದೆ ಬೇರೆ ದಾರಿಯಿಲ್ಲದ ಜನ ಅವರಿಗೆ ಸಡ್‌ಬರಿಯಲ್ಲಿ ಸಿಕ್ಕರು. ಹೀಗೆ ಬಂದ ರೇಷ್ಮೆ ಅಲ್ಲಿಯೇ ನೆಲೆನಿಂತಿತು, ಇಂದಿಗೂ ಬ್ರಿಟನ್ನಿನಲ್ಲಿ ನೇಯುವ ರೇಷ್ಮೆಯ ದೊಡ್ಡ ಪಾಲು ಆ ಊರಿನ ಗಿರಣಿಗಳದೇ. ಮೇಲಂತಸ್ತಿನಲ್ಲಿ ಮಗ್ಗಕ್ಕೆ ಬೆಳಕು ಬೀಳಲೆಂದು ಅಗಲವಾದ ಕಿಟಕಿಗಳನ್ನಿಟ್ಟು ಕಟ್ಟಿದ ನೇಕಾರರ ಮನೆಗಳ ಸಾಲುಗಳು ಅಲ್ಲಿಯ ಕೆಲವು ಬೀದಿಗಳಲ್ಲಿ ಈಗಲೂ ಇವೆ. ಅವನ್ನು ನೋಡಲು ಯಾವ ಟಿಕೇಟೂ ಇಲ್ಲ. ಲ್ಯಾವೆನಂಗೆ ಹೋಗುವವರು ಒಂದು ಗಂಟೆ ಉಳಿಸಿಕೊಂಡು ಆ ಬೀದಿಗಳಲ್ಲಿಯೂ ನಡೆಯಬೇಕೆಂದು ನಾನು ಒತ್ತಾಯಿಸುತ್ತೇನೆ. ಗಿಲ್ಡ್‌ಹಾಲ್‌ಗಳೂ ಗೋಪುರಗಳೂ ಬಟ್ಟೆ ಮಾರಿದವರವು, ಈ ಮನೆಗಳು ನೇಯ್ದವರವು.